ನಮ್ಮತ್ತೆಯ ಜರ್ಮನ್ ವಿಮಾನದಳ

ಜರ್ಮನಿಯ ವಾಯುಪಡೆಯ ಒಂದು ಯುದ್ಧವಿಮಾನ ದಳದ ಬಗ್ಗೆ ಜರ್ಮನಿಯವರಿಗೇ ಮರೆತುಹೋದ ಎಷ್ಟೋ ಸಂಗತಿಗಳು ದೇವದುರ್ಗದಲ್ಲಿ ಒಬ್ಬರಿಗೆ ಬಾಯಿಪಾಠವಾಗಿವೆ. ಅವರು ನನ್ನ ಅತ್ತೆ, ಅಂದರೆ ನಮ್ಮಪ್ಪನ ತಂಗಿ. ವಯಸ್ಸು ಅರವತ್ತೇಳು. ಇವತ್ತಿನವರೆಗೆ ಒಂದು ವಿಮಾನವನ್ನೂ ಹತ್ತಿಲ್ಲ. ಹತ್ತುವುದಿರಲಿ, ಹತ್ತಿರದಿಂದ ಕಂಡದ್ದೂ ಇಲ್ಲ. ಒಮ್ಮೆ ಹೈದರಾಬಾದಿಗೆ ಮದುವೆಗೆ ಹೋದಾಗ ವಿಮಾನ ನಿಲ್ದಾಣ ತೋರಿಸುತ್ತೇನೆಂದೆ. "ಅಲ್ಲಿ ಇರೋವು ಮಂದಿ ಹೊರೋ ವಿಮಾನ. ಅವುಗಳ ಜೋಡಿ ನನಗೇನು ಕೆಲಸ?" ಎಂದು ಬಿರಿಯಾನಿ ಉಂಡು ವಾಪಸು ಬಂದರು.

ಇಂಥವರು ಏಳು ವರ್ಷ ಕೂತು, ಹನ್ನೊಂದು ನೋಟುಬುಕ್ಕು ತುಂಬಿಸಿ, ಆ ದಳದ ಇತಿಹಾಸವನ್ನು ಕನ್ನಡದಲ್ಲಿ ಬರೆದಿದ್ದಾರೆ. ಅದನ್ನು ಟೈಪ್ ಮಾಡಿದ ಪುಣ್ಯಾತ್ಮ ನಾನು. ರಾಯಚೂರಿನಲ್ಲಿ ನನ್ನದೊಂದು ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿಯಿದೆ. ಜಾತಿ ಪ್ರಮಾಣಪತ್ರದ ಅರ್ಜಿ, ಬಾಡಿಗೆ ಕರಾರು, ಮದುವೆ ಹುಡುಗರ ಬಯೋಡೇಟಾ, ಇವು ನಾನು ಬಲ್ಲ ಸಾಹಿತ್ಯ. ಇವುಗಳ ನಡುವೆ ರಷ್ಯಾದ ಹಿಮದ ಮೇಲೆ ವಿಮಾನ ಇಳಿಸುವ ಕೆಲಸ ನನ್ನ ಪಾಲಿಗೆ ಬರುತ್ತದೆಂದು ಯಾರು ಎಣಿಸಿದ್ದರು?

ಶುರುವಾದದ್ದು ರದ್ದಿ ಅಂಗಡಿಯಿಂದ. ಅತ್ತೆ ಗಬ್ಬೂರಿನ ಕಡೆಯ ಹೈಸ್ಕೂಲುಗಳಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದವರು. ನಿವೃತ್ತಿಯಾದ ವಾರವೇ ರಾಯಚೂರಿನ ರದ್ದಿ ಅಂಗಡಿಯೊಂದರಲ್ಲಿ ಅವರಿಗೆ ರಟ್ಟಿಲ್ಲದ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಮೊದಲ ಪುಟಗಳು ಹರಿದಿದ್ದವು. ಕೊನೆಯ ಪುಟಗಳನ್ನು ಗೆದ್ದಲು ತಿಂದಿತ್ತು. ನಡುವೆ ಉಳಿದದ್ದಿಷ್ಟೇ, ಆ ಜರ್ಮನ್ ದಳ ಯುದ್ಧದಲ್ಲಿ ಎಲ್ಲೆಲ್ಲಿ ಹೋಯಿತು, ಏನೇನು ಮಾಡಿತು ಎಂಬ ಕಥೆ. ಇದನ್ನು ಯಾಕೆ ತಂದೆ ಎಂದು ಕೇಳಿದ್ದಕ್ಕೆ ಅತ್ತೆ ಕೊಟ್ಟ ಉತ್ತರ ನನಗೆ ಈಗಲೂ ನೆನಪಿದೆ.

"ಪಾಠದ ಪುಸ್ತಕದಾಗ ಎರಡನೇ ಮಹಾಯುದ್ಧ ಒಂದೂವರೆ ಪುಟ ಇತ್ತು. ಮೂವತ್ತು ವರ್ಷ ಅದನ್ನ ಹೇಳೀನಿ. ಉಳಿದದ್ದು ಏನಾಯ್ತು ಅಂತ ಹುಡುಗರು ಕೇಳಲಿಲ್ಲ, ನನ್ನ ಪುಣ್ಯ. ಕೇಳಿದ್ರ ನನಗೂ ಗೊತ್ತಿರಲಿಲ್ಲ."

ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದರು. ಓದಿ ಮುಗಿದ ಮೇಲೆ ಕನ್ನಡದಲ್ಲಿ ಬರೆಯುತ್ತೇನೆ ಎಂದು ಸಾರಿದರು. ಮನೆಯಲ್ಲಿ ದೊಡ್ಡ ಪಂಚಾಯಿತಿಯೇ ನಡೆಯಿತು. ಅಧ್ಯಕ್ಷರು ನಮ್ಮಪ್ಪ.

"ಅಲ್ಲಬೇ, ಬರಿಯಾಕ ನಮ್ಮ ಕೇರ್ಯಾಗ ಏನೂ ಇಲ್ಲೇನು? ನಮ್ಮಪ್ಪ ಪಟ್ಟ ಪಾಡು ಬರಿ. ನಮ್ಮವ್ವ ಕೂಲಿಗಿ ಹೋದದ್ದು ಬರಿ. ಜರ್ಮನಿ ವಿಮಾನಕ್ಕೂ ನಮಗೂ ಏನು ಸಂಬಂಧ?"

"ಅಣ್ಣಾ, ಹೋದ ವರ್ಷ ಕ್ಯಾಮೆರಾ ಹಿಡಕೊಂಡು ಒಬ್ಬಾಕಿ ಬಿಳಿ ಹೆಂಗಸು ನಮ್ಮ ಕೇರಿಗಿ ಬಂದಿದ್ದಳಲ್ಲ, ನಮ್ಮ ಒಲಿ, ನಮ್ಮ ಗೋಡಿ, ನಿನ್ನ ಹರಕು ಬನಿಯನ್ನು, ಎಲ್ಲಾ ಫೋಟೋ ತಕ್ಕೊಂಡು ಹೋದ್ಳು. ಪುಸ್ತಕ ಮಾಡ್ತೀನಿ ಅಂದ್ಳು. ಆಕಿಗಿ ನೀ ಸಂಬಂಧ ಏನು ಅಂತ ಕೇಳಿದೇನು? ಚಾ ಮಾಡಿ ಕೊಟ್ಟಿ. ಈಗ ನಮ್ಮ ಪಾಳಿ. ಅವರ ಗೋಡಿ ನಾ ನೋಡ್ತೀನಿ."

 ಮರುದಿನ ಅಪ್ಪ ಹೊಸ ಬನಿಯನ್ನು ತಂದುಕೊಂಡರು. ಪಂಚಾಯಿತಿಯಿಂದ ಆದ ಲಾಭ ಅದೊಂದೇ.

ಅತ್ತೆಯ ಇತಿಹಾಸ ಓದಲು ಕಷ್ಟವಿಲ್ಲ. ಎಲ್ಲವನ್ನೂ ನಮ್ಮ ಜಿಲ್ಲೆಗೆ ಇಳಿಸಿಬಿಟ್ಟಿದ್ದಾರೆ. ಒಂದು ದಳದಲ್ಲಿ ಮೂರು ಉಪದಳ, ಒಂದೊಂದು ಉಪದಳದಲ್ಲಿ ಮೂರು ತುಕಡಿ ಎಂದು ನಾನು ಟೈಪ್ ಮಾಡಿ ತಲೆ ಕೆರೆದುಕೊಳ್ಳುತ್ತಿದ್ದರೆ ಅವರು ಪಕ್ಕದಿಂದ ಹೇಳುತ್ತಿದ್ದರು. "ದಳ ಅಂದ್ರ ತಾಲೂಕು. ಉಪದಳ ಅಂದ್ರ ಹೋಬಳಿ. ತುಕಡಿ ಅಂದ್ರ ಹಳ್ಳಿ. ದಳದ ಮುಖ್ಯಸ್ಥ ತಹಶೀಲ್ದಾರ ಇದ್ದಂಗ. ತಿಳೀತಿಲ್ಲೋ?" ದಳವನ್ನು ಇಂಗ್ಲೆಂಡಿನ ಎದುರಿನ ಕಡಲ ದಂಡೆಯಿಂದ ರಷ್ಯಾಕ್ಕೆ, ಅಲ್ಲಿಂದ ಒಂದು ಭಾಗವನ್ನು ಆಫ್ರಿಕಾಕ್ಕೆ ಕಳಿಸಿದ ಅಧ್ಯಾಯಕ್ಕೆ ಅವರು ಇಟ್ಟ ಹೆಸರು 'ವರ್ಗಾವಣೆಗಳು'. ಸ್ವತಃ ಎಂಟು ಸಲ ವರ್ಗವಾದವರು ಬರೆದ ಅಧ್ಯಾಯ ಅದು. ಹೊಸ ಜಾಗದಲ್ಲಿ ಮಲಗಲು ಕೋಣೆಯಿಲ್ಲ, ಕುಡಿಯಲು ನೀರಿಲ್ಲ, ಮೇಲಿನವರಿಗೆ ಕೇಳಿದರೆ ಉತ್ತರವಿಲ್ಲ. ಓದುತ್ತ ಹೋದಂತೆ ಇದು ಜರ್ಮನ್ ಸೈನಿಕರ ಗೋಳೋ ಕನ್ನಡ ಶಾಲೆಯ ಶಿಕ್ಷಕಿಯ ಗೋಳೋ ಎಂದು ಗೊಂದಲವಾಗುತ್ತದೆ.

ಬಸ್ಸಿನಲ್ಲಿಯೂ ಅವರು ಸುಮ್ಮನಿರುವವರಲ್ಲ. ಒಮ್ಮೆ ಇಬ್ಬರೂ ದೇವದುರ್ಗದಿಂದ ರಾಯಚೂರಿಗೆ ಬರುತ್ತಿದ್ದೆವು. ಗಬ್ಬೂರಿನಲ್ಲಿ ಹತ್ತಿದ ಅಜ್ಜಿಯೊಬ್ಬರು ಮೆಣಸಿನಕಾಯಿ ಚೀಲ ಕಾಲಡಿ ಇಟ್ಟುಕೊಂಡು ಅತ್ತೆಯ ಪಕ್ಕ ಕೂತರು. ಕಲ್ಮಲದ ಮಗಳ ಮನೆಗೆ ಹೊರಟಿದ್ದವರು. ಅತ್ತೆಯ ಕೈಯಲ್ಲಿದ್ದ ನೋಟುಬುಕ್ಕು ನೋಡಿ, "ಏನು ಬರೆಯಾಕತ್ತೀಯವ್ವಾ?" ಎಂದು ಕೇಳಿಯೇಬಿಟ್ಟರು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ರಷ್ಯಾದ ಚಳಿಗಾಲದ ಕಥೆ ಶುರುವಾಯಿತು. ಅಲ್ಲಿ ಎಣ್ಣೆ ಗಟ್ಟಿಯಾಗಿ ವಿಮಾನದ ಇಂಜಿನ್ನೇ ತಿರುಗುತ್ತಿರಲಿಲ್ಲ, ನೆಲದ ಮೇಲಿನ ಕೆಲಸಗಾರರು ಬೆಳಕು ಹರಿಯುವ ಮುಂಚೆ ಎದ್ದು ಇಂಜಿನ್ನಿನ ಕೆಳಗೆ ಬೆಂಕಿ ಹಾಕಿ ಕಾಯಿಸುತ್ತಿದ್ದರು, ಬರಿಗೈಯಲ್ಲಿ ಕಬ್ಬಿಣ ಮುಟ್ಟಿದರೆ ಚರ್ಮವೇ ಕಿತ್ತು ಬರುತ್ತಿತ್ತು ಎಂದು ಅತ್ತೆ ಹೇಳುತ್ತಿದ್ದರೆ ಹಿಂದಿನ ಸೀಟಿನವರೂ ಬಗ್ಗಿ ಕೇಳತೊಡಗಿದರು. ಅಜ್ಜಿ ಎಲ್ಲ ಕೇಳಿ, ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡು, ನಿಧಾನವಾಗಿ ಹೇಳಿದರು.

"ಅಷ್ಟೆಲ್ಲಾ ಯಾಕ ತ್ರಾಸು ತಗೊಂಡ್ರು? ರಾಯಚೂರಿಗಿ ತಂದು ಬಿಸಲಾಗ ನಿಲ್ಲಿಸಿದ್ರ ತಾವ ಚಾಲೂ ಆಗ್ತಿದ್ದವು."

ಇಡೀ ಬಸ್ಸು ನಕ್ಕಿತು. ಅತ್ತೆ ನಗಲಿಲ್ಲ. ನೋಟುಬುಕ್ಕು ತೆಗೆದು ಅದನ್ನು ಬರೆದುಕೊಂಡರು. ಪುಸ್ತಕದಲ್ಲಿ ಅದು 'ಗಬ್ಬೂರಿನ ಹಿರಿಯರೊಬ್ಬರ ಅಭಿಪ್ರಾಯ' ಎಂದು ಅಡಿಟಿಪ್ಪಣಿಯಾಗಿ ಇದೆ. ತೆಗೆಯಬೇಕೆಂದು ನಾನು ವಾದಿಸಿ ಸೋತೆ.

ಗೆದ್ದಲು ತಿಂದ ಕೊನೆಯ ಪುಟಗಳದ್ದೇ ಅತ್ತೆಗೆ ಚಿಂತೆಯಾಗಿತ್ತು. ಯುದ್ಧ ಮುಗಿದ ಮೇಲೆ ದಳ ಏನಾಯಿತು? ಕೊನೆಗೆ ನನ್ನ ಅಂಗಡಿಯಿಂದಲೇ ಜರ್ಮನಿಯ ಒಂದು ಸಣ್ಣ ಊರಿನ ವಸ್ತುಸಂಗ್ರಹಾಲಯಕ್ಕೆ ಮೇಲ್ ಬರೆಸಿದರು. ತಿಂಗಳಾದ ಮೇಲೆ ಉತ್ತರ ಬಂತು, ಬಹಳ ಮರ್ಯಾದೆಯ ಉತ್ತರ. ಆದರೆ ಕಡೆಯಲ್ಲಿ ಒಂದು ಪ್ರಶ್ನೆ ಇತ್ತು. ತಾವು ಆ ದಳದ ಯಾರಾದರೂ ಚಾಲಕರ ಸಂಬಂಧಿಕರೇ?

"ಬರಿ," ಎಂದರು ಅತ್ತೆ. "ಸಂಬಂಧ ಇಲ್ಲ. ಸಂಬಂಧಿಕರು ನೆನೆಸಿದ್ರ ಅದು ತಿಥಿ. ಸಂಬಂಧ ಇಲ್ಲದವರು ನೆನೆಸಿದ್ರ ಅದು ಇತಿಹಾಸ."

ತಿಥಿಗೆ ಇಂಗ್ಲಿಷಿನಲ್ಲಿ ಏನೆಂದು ಬರೆಯಬೇಕೋ ತಿಳಿಯದೆ ನಾನು ಒದ್ದಾಡಿದೆ. ಏನು ಬರೆದೆನೋ ನನಗೇ ನೆನಪಿಲ್ಲ. ಅಲ್ಲಿಂದ ಮಾತ್ರ, ಹುಡುಕಿ ಕಳಿಸುತ್ತೇವೆ, ತುಸು ಸಮಯ ಕೊಡಿ ಎಂದು ಉತ್ತರ ಬಂತು.

ಈ ನಡುವೆ ರಾಯಚೂರಿನಲ್ಲಿ ಒಂದು ಸಾಹಿತ್ಯ ಗೋಷ್ಠಿ ಏರ್ಪಾಡಾಯಿತು. ಹಿರಿಯ ಶಿಕ್ಷಕಿ, ಲೇಖಕಿ ಎಂದು ಅತ್ತೆಯನ್ನೂ ಕರೆದರು. ಸಂಘಟಕರೊಬ್ಬರು ನನ್ನ ಅಂಗಡಿಗೇ ಬಂದು, ಟೈಪಿಂಗ್ ನೋಡುತ್ತ ಕೂತಿದ್ದ ಅತ್ತೆಗೆ ಆಮಂತ್ರಣ ಪತ್ರಿಕೆ ಕೊಟ್ಟರು. ಅತ್ತೆಯ ಹೆಸರಿನ ಮುಂದೆ ವಿಷಯ ಎಂದು ಅಚ್ಚಾಗಿದ್ದದ್ದು, 'ನನ್ನ ಬದುಕಿನ ನೋವು'.

ಅತ್ತೆ ಕನ್ನಡಕ ಏರಿಸಿ ಎರಡು ಸಲ ಓದಿದರು. "ಇದು ನಾ ಕೊಟ್ಟ ವಿಷಯ ಅಲ್ಲ."

"ಮೇಡಂ, ಜರ್ಮನಿ ದಳ ಅಂದ್ರ ಯಾರು ಕೇಳ್ತಾರ್ರಿ? ನೀವು ಕೇರಿಯಿಂದ ಬಂದವರು, ಕಷ್ಟಪಟ್ಟು ಮ್ಯಾಲ ಬಂದವರು. ನಿಮ್ಮ ಅನುಭವ ಹೇಳ್ರಿ. ಜನರ ಕಣ್ಣಾಗ ನೀರು ಬರಬೇಕು."

"ನೀರು ಬರಸಾಕ ನಾ ಯಾಕ ಬೇಕ್ರಿ? ಬಾಗಿಲಾಗ ನಿಂತು ಒಬ್ಬೊಬ್ಬರಿಗಿ ಒಂದೊಂದು ಉಳ್ಳಾಗಡ್ಡಿ ಹೆಚ್ಚಿ ಕೊಡ್ರಿ."

"ಹಂಗಲ್ಲ ಮೇಡಂ..."

"ನಿಮ್ಮ ಪತ್ರಿಕ್ಯಾಗ ಒಬ್ಬರು ಗ್ರೀಸ್ ದೇಶದ ನಾಟಕದ ಬಗ್ಗಿ ಮಾತಾಡ್ತಾರ. ಅವರ ನೋವು ಯಾಕ ಕೇಳಲಿಲ್ಲ ನೀವು? ಅವರಿಗಿ ಗ್ರೀಸು, ನನಗ ನೋವು. ಹಂಚಿದವರು ಯಾರು?"

ಸಂಘಟಕರು ಕೈಗಡಿಯಾರ ನೋಡಿಕೊಂಡರು. ಪತ್ರಿಕೆ ಅಚ್ಚಾಗಿಬಿಟ್ಟಿದೆ ಎಂದರು. "ಪತ್ರಿಕಿ ಅಚ್ಚಾಗ್ಯಾದ, ನಾ ಆಗಿಲ್ಲ," ಎಂದರು ಅತ್ತೆ.

ಅವತ್ತು ಸಭೆಯಲ್ಲಿ ಅವರು ನೋವಿನ ಸುದ್ದಿಯೇ ಎತ್ತಲಿಲ್ಲ. ಹಲಗೆ ತರಿಸಿ, ಸೀಮೆಸುಣ್ಣ ಹಿಡಿದು, ತಾಲೂಕು ಹೋಬಳಿ ಹಳ್ಳಿ ಬರೆದು ಪಾಠ ಶುರು ಮಾಡಿದರು. ಹತ್ತು ನಿಮಿಷಕ್ಕೆ ಸಂಘಟಕರು ಚೀಟಿ ಕಳಿಸಿದರು. ಅತ್ತೆ ಅದನ್ನು ಮೈಕಿನಲ್ಲಿ ಗಟ್ಟಿಯಾಗಿ ಓದಿದರು. "ಸಮಯ ಮುಗಿಯಿತು ಅಂತ ಬರೆದಾರ. ಮುಗಿಯಿತು ಅನ್ನೋದರಾಗ ದೀರ್ಘ ಹಾಕ್ಯಾರ, ತಪ್ಪು." ಚೀಟಿ ಮಡಚಿ ಬ್ಯಾಗಿಗೆ ಹಾಕಿಕೊಂಡು ಪಾಠ ಮುಂದುವರಿಸಿದರು. ಎರಡನೇ ಚೀಟಿ ಬರಲಿಲ್ಲ.

ಕಡೆಯಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಎದ್ದು ನಿಂತಳು. ಮಾತು ಖಾರವಾಗಿಯೇ ಇತ್ತು. "ಮೇಡಂ, ಅದು ಹಿಟ್ಲರನ ಪಡಿ. ಲಕ್ಷಾಂತರ ಮಂದೀನ ಜಾತಿ ನೋಡಿ ಕೊಂದವರ ಪಡಿ. ನಮ್ಮಂಥವರು ಅದನ್ನ ಹಾಡಿ ಹೊಗಳಬೇಕೇನ್ರಿ?"

  ಅತ್ತೆಯ ಮುಖದಲ್ಲಿ, ತರಗತಿಯಲ್ಲಿ ಮೊದಲ ಸಲ ಒಳ್ಳೆಯ ಪ್ರಶ್ನೆ ಕೇಳಿಸಿಕೊಂಡ ಟೀಚರಿನ ಸಂತೋಷವಿತ್ತು.

"ನೀ ಕೂಡಬ್ಯಾಡ, ನಿಂತು ಕೇಳವ್ವಾ. ಆ ಚಾಲಕರು ಒಂದು ವಿಮಾನ ಕೆಡವಿದ್ರ ತಮ್ಮ ವಿಮಾನದ ಬಾಲಕ್ಕ ಒಂದು ಗೀಟು ಹಾಕ್ತಿದ್ರು. ಗೀಟು ಹೆಚ್ಚಾದಂಗ ಪದಕ. ಅವರು ಹಾರಿದ ನೆಲದ ಮ್ಯಾಲ ಮಂದಿ ಸತ್ತರಲ್ಲ, ಊರು ಬಿಟ್ಟು ಓಡಿದರಲ್ಲ, ರೈಲು ತುಂಬಿ ಒಯ್ದರಲ್ಲ, ಅವರಿಗಿ ಯಾರೂ ಗೀಟು ಹಾಕಲಿಲ್ಲ. ನನಗ ಸಿಕ್ಕ ಪುಸ್ತಕದಾಗ ಅವರ ಬಗ್ಗಿ ಒಂದು ಸಾಲು ಇರಲಿಲ್ಲ. ನನ್ನ ಪುಸ್ತಕದಾಗ ಮೂರು ಅಧ್ಯಾಯ ಅವ. ನಾವು ಬರೀಲಿಲ್ಲ ಅಂದ್ರ ಹೊಗಳೋರು ಮಾತ್ರ ಬರೀತಾರ. ಇನ್ನೊಂದು ಕೇಳು, ಇದು ಜರ್ಮನಿಯವರು ಮೇಲ್ ಬರೆದು ತಿಳಿಸಿದ್ದು. ಆ ದಳಕ್ಕ ಒಬ್ಬ ದೊಡ್ಡ ವೀರನ ಹೆಸರಿತ್ತು. ಯುದ್ಧ ಆದ ಮ್ಯಾಲ ಹೊಸ ದಳ ಕಟ್ಟಿದಾಗ ಅದಕ್ಕೂ ಅವನ ಹೆಸರು ಇಟ್ರು. ಆಮ್ಯಾಲ ಅಲ್ಲಿಯ ಸರ್ಕಾರನ ಆ ಹೆಸರು ಕಿತ್ತು ಹಾಕ್ತು. ಯಾಕ? ಬ್ಯಾರೆ ದೇಶಕ್ಕ ಹೋಗಿ ಊರುಗಳ ಮ್ಯಾಲ ಬಾಂಬು ಹಾಕಿದ ಪಡ್ಯಾಗ ಅಂವ ಇದ್ದ ಅಂತ. ತಮ್ಮ ವೀರನ ಹೆಸರನ್ನ ತಾವ ಅಳಿಸಿದ್ರು. ನಮ್ಮಲ್ಲಿ ಬೋರ್ಡಿನ ಮ್ಯಾಲ ಇರೋ ಹೆಸರೆಲ್ಲಾ ಪರೀಕ್ಷಾ ಮಾಡಿದ್ರ ಎಷ್ಟು ಉಳೀತಾವ, ಹೇಳು ನೋಡೋಣು?"

 "ಪುಸ್ತಕ ಯಾವಾಗ ಬರ್ತದ್ರಿ?" ಎಂದಳು ಹುಡುಗಿ. ಗ್ರೀಸ್ ನಾಟಕದವರು ಆಗಲೇ ಊಟಕ್ಕೆ ಹೋಗಿದ್ದರು.

ಗೋಷ್ಠಿ ಮುಗಿದ ಎರಡು ವಾರಕ್ಕೆ ಜರ್ಮನಿಯಿಂದ ಕಾಗದಗಳು ಬಂದವು. ಹಳೆಯ ವರದಿಗಳು, ಪತ್ರಿಕೆಯ ತುಣುಕುಗಳು, ಎಲ್ಲಾ ಜರ್ಮನ್ ಭಾಷೆಯಲ್ಲಿ. ಅತ್ತೆ ಹೆದರಲಿಲ್ಲ. ಮೊಬೈಲಿನಿಂದ ಇಂಗ್ಲಿಷಿಗೆ ಮಾಡಿಸಿ, ಇಂಗ್ಲಿಷಿನಿಂದ ನಿಘಂಟು ಹಿಡಿದು ಕನ್ನಡಕ್ಕೆ ತಂದರು. ಯುದ್ಧ ಮುಗಿದು ವರ್ಷಗಳಾದ ಮೇಲೆ ಹೊಸ ವಾಯುಪಡೆ ಕಟ್ಟಿದರಂತೆ. ಅಮೆರಿಕದಿಂದ ಹೊಸ ಜೆಟ್ ವಿಮಾನ ತರಿಸಿದರಂತೆ. ಅವು ಯುದ್ಧವಿಲ್ಲದ ಕಾಲದಲ್ಲಿಯೇ, ಬರಿ ತರಬೇತಿಯಲ್ಲಿಯೇ, ಒಂದಾದ ಮೇಲೊಂದು ಬಿದ್ದವಂತೆ. ಅಲ್ಲಿಯ ಜನ ಆ ವಿಮಾನಕ್ಕೆ 'ವಿಧವೆ ಮಾಡುವುದು' ಎಂದೇ ಹೆಸರಿಟ್ಟಿದ್ದರಂತೆ. ಕಡೆಗೆ ಸತ್ತ ಚಾಲಕರ ಹೆಂಡಂದಿರು ಒಟ್ಟಾಗಿ, ವಿಮಾನ ಮಾಡಿದವರ ಮೇಲೆಯೇ ಕೋರ್ಟಿಗೆ ಹೋದರಂತೆ.

ಅತ್ತೆ ಆ ಕಾಗದಗಳನ್ನು ಚೀಲದಲ್ಲಿ ಹಾಕಿಕೊಂಡು ಮಾನ್ವಿಗೆ ಹೋದರು. ಅಲ್ಲಿ ಅವರ ಪರಿಚಯದ ಒಬ್ಬ ಮುದುಕರಿದ್ದಾರೆ. ನಮ್ಮ ದೇಶದ ವಾಯುಪಡೆಯಲ್ಲಿ ವಿಮಾನ ರಿಪೇರಿ ಮಾಡುತ್ತಿದ್ದು ನಿವೃತ್ತರಾದವರು. ನಾನೂ ಜೊತೆಗಿದ್ದೆ.

"ಎಲ್ಲಾ ವರದ್ಯಾಗ ಕೊನಿಗಿ ಚಾಲಕನ ತಪ್ಪು ಅಂತಾನ ಯಾಕ ಬರ್ತದ್ರಿ?" ಎಂದು ಅತ್ತೆ ಕೇಳಿದರು.

ಮುದುಕರು ಕಾಗದ ಮುಟ್ಟಲೇ ಇಲ್ಲ. "ಎಲ್ಲಾ ವರದ್ಯಾಗೂ ಹಂಗ ಇರಲಿಕ್ಕಿಲ್ಲ ಟೀಚರ್ ಬಾಯಿ. ಆದ್ರ ಜಾಸ್ತಿ ಹಂಗ ಇರ್ತದ. ಚಾಲಕನ ತಪ್ಪು ಅಂದ್ರ ಫೈಲ್ ಬಂದ್ ಆಗ್ತದ. ಮಷೀನಿನ ತಪ್ಪು ಅಂದ್ರ ಫೈಲ್ ತೆರೀತದ. ಸತ್ತಾಂವ ಎದ್ದು ಬಂದು ಜವಾಬು ಕೊಡ್ತಾನೇನು?"

ಹಿಂತಿರುಗುವಾಗ ಅತ್ತೆ ಇಡೀ ದಾರಿ ಮಾತಾಡಲಿಲ್ಲ. ಅದು ಎಷ್ಟು ಅಪರೂಪವೆಂದರೆ, ಹುಷಾರಿದ್ದಾರೋ ಇಲ್ಲವೋ ಎಂದು ನಾನು ಎರಡು ಸಲ ನೀರಿನ ಬಾಟಲಿ ಕೊಟ್ಟೆ.

ಮೊದಲ ಹತ್ತು ನೋಟುಬುಕ್ಕಿಗೆ ಆರೂವರೆ ವರ್ಷ ತೆಗೆದುಕೊಂಡವರು ಹನ್ನೊಂದನೆಯದನ್ನು ಒಂದೇ ತಿಂಗಳಲ್ಲಿ ತುಂಬಿಸಿ ಅಂಗಡಿಗೆ ತಂದರು. ಟೈಪ್ ಮಾಡುತ್ತ ಹೋದೆ. ಒಂದು ವಿಮಾನ ಬೀಳುತ್ತದೆ. 'ಚಾಲಕನ ತಪ್ಪು ಎಂದು ವರದಿ ಹೇಳುತ್ತದೆ. ನಾನು ಒಪ್ಪುವುದಿಲ್ಲ.' ಇನ್ನೊಂದು ಬೀಳುತ್ತದೆ. ಮತ್ತೆ ಅದೇ, 'ನಾನು ಒಪ್ಪುವುದಿಲ್ಲ.' ಐದನೆಯ ಸಲಕ್ಕೆ ನಾನು ಕೈ ಎತ್ತಿದೆ.

"ಅತ್ತಿ, ಇತಿಹಾಸದಾಗ 'ನಾನು ಒಪ್ಪಲ್ಲ' ಅಂತ ಬರೀಬಾರದು. ಓದೋರು ನಗ್ತಾರ. ನೀ ಅಲ್ಲಿ ಇದ್ದೇನು, ಒಪ್ಪಾಕ ಬಿಡಾಕ? ಇವನ್ನೆಲ್ಲಾ ಅಳಿಸೀನಿ ನೋಡು."

ಅಷ್ಟೊತ್ತಿಗೆ ಕರೆಂಟು ಹೋಯಿತು. ಮಧ್ಯಾಹ್ನದ ಬಿಸಿಲು. ಫ್ಯಾನು ನಿಂತಿತು. ಅತ್ತೆ ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

"ನಿಮ್ಮ ಮಾಮ ಹೆಂಗ ಸತ್ತ, ಗೊತ್ತೇನು?"

ಮಾಮ, ಅಂದರೆ ಅತ್ತೆಯ ಗಂಡ, ತೀರಿಕೊಂಡದ್ದು ನಾನು ಹುಟ್ಟುವುದಕ್ಕೆ ಮುಂಚೆ. ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. "ಗಿರಣ್ಯಾಗ ಏನೋ ಆಯ್ತಂತ ಅಪ್ಪ ಅಂದಿದ್ದ," ಎಂದೆ.

"ಏನೋ ಅಲ್ಲ. ಯಾಪಲದಿನ್ನಿಯಿಂದ ದಿನಾ ಇಲ್ಲಿಯ ಹತ್ತಿ ಗಿರಣಿಗಿ ಬರ್ತಿದ್ದ. ಮಷೀನಿನ ಬೆಲ್ಟಿಗಿ ಅಂಗಿ ಸಿಕ್ಕು ಒಳಗ ಎಳಕೊಂತು. ಬೆಲ್ಟಿನ ಮ್ಯಾಲ ತಂತಿ ಜಾಳಗಿ ಇರಬೇಕಿತ್ತು, ಇರಲಿಲ್ಲ. ಮೂರನೇ ದಿನ ಗಿರಣಿಯವರು ಮನಿಗಿ ಒಂದು ಕಾಗದ ತಂದ್ರು. ಇಂಗ್ಲಿಷಿನ್ಯಾಗ ಇತ್ತು. ನಾ ಆಗ ಓದಿದ್ದು ಏಳನೇತ್ತ. ಇಲ್ಲಿ ಹೆಬ್ಬೆಟ್ಟು ಒತ್ತವ್ವಾ ಅಂದ್ರು. ನಮ್ಮ ಕೇರ್ಯಾಗ ಸಹಿ ಮಾಡಾಕ ಬರೋ ಹೆಂಗಸು ನಾ ಒಬ್ಬಾಕಿನ. ಆ ದುಃಖದಾಗೂ ಅದೊಂದು ಜಂಬ ಇತ್ತು ನೋಡು ನನಗ. ಹೆಬ್ಬೆಟ್ಟು ಯಾಕ ಅಂತ ಹೇಳಿ, ಪೆನ್ನು ಇಸಕೊಂಡು, ಚಂದ ಮಾಡಿ ಸಹಿ ಹಾಕಿದೆ."

"ಏನಿತ್ತು ಅದರಾಗ?"

"ಕೆಲಸಗಾರ ಸ್ವಂತ ತಪ್ಪಿನಿಂದ ಸತ್ತ, ಅದನ್ನ ನಾ ಒಪ್ಪೀನಿ ಅಂತ ಇತ್ತು. ಎರಡು ವರ್ಷ ಆದ ಮ್ಯಾಲ ಅಲ್ಲಿಯ ಗುಮಾಸ್ತ ಸಂತ್ಯಾಗ ಸಿಕ್ಕು ಹೇಳಿದ. ಆ ವರ್ಷನ ಮತ್ತ ಸಾಲಿ ಪರೀಕ್ಷಾ ಕಟ್ಟಿದೆ. ಇಂಗ್ಲಿಷ್ ಓದಾಕ ಬಂದ ಮ್ಯಾಲ ಆ ಕಾಗದ ಕೇಳಾಕ ಹೋದೆ. ಗಿರಣಿ ಇರಲಿಲ್ಲ. ಆ ಜಾಗದಾಗ ಮದಿವಿ ಹಾಲ್ ಕಟ್ಟಿದ್ರು. ಒಳಗ ಯಾರದೋ ಮದಿವಿ ನಡೆದಿತ್ತು, ಊಟ ಮಾಡಿ ಹೋಗು ಅಂದ್ರು."

ಬಾಗಿಲ ಹೊರಗೆ ಆಟೋಗಳು ಹೋಗುತ್ತಿದ್ದವು.  ನಗಿಸುವ ಅತ್ತೆಯ ಮುಂದೆ ಸುಮ್ಮನೆ ಕೂತು ಅಭ್ಯಾಸವೇ ಇರಲಿಲ್ಲ ನನಗೆ.

"ಆ ಜರ್ಮನಿ ಹೆಂಗಸರು ಎಲ್ಲಾರೂ ಕೂಡಿ ಹೋದ್ರು," ಎಂದರು ಅತ್ತೆ. "ನಾ ಒಬ್ಬಾಕಿ ಇದ್ದೆ. ಅಷ್ಟ ಫರಕು."

ಕರೆಂಟು ಬಂತು. ಕಂಪ್ಯೂಟರ್ ಹಚ್ಚಿ, ನಾನು ಅಳಿಸಿದ್ದ ಸಾಲುಗಳನ್ನೆಲ್ಲ ಒಂದೊಂದಾಗಿ ವಾಪಸು ಹಾಕಿದೆ. ಆಮೇಲೆ ಹೇಳಿದೆ, "ಅತ್ತಿ, ಈ ಅಧ್ಯಾಯದಾಗ ಮಾಮಾನ್ನೂ ಬರಿಯೋಣು."

"ಜರ್ಮನಿ ದಳದಾಗ ನಿಮ್ಮ ಮಾಮ ಹೆಂಗ ಬರ್ತಾನಲೇ?"

"ಹೆಂಗರ ಬರ್ಲಿ. ಬರಿಯಾಕಿ ನೀನು, ಟೈಪ್ ಮಾಡಾಂವ ನಾನು. ಬ್ಯಾಡ ಅನ್ನೋರು ಯಾರದಾರ?"

ಅತ್ತೆ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡರು. ಆಮೇಲೆ ಪುಸ್ತಕದ ಭಾಷೆಯಲ್ಲಿ, ಒಂದೊಂದೇ ಮಾತು ಆರಿಸಿ ಹೇಳತೊಡಗಿದರು. ಊರು ಹೇಳಿದರು. ಗಿರಣಿ ಹೇಳಿದರು. ವಯಸ್ಸು ಎಷ್ಟೆಂದು ಬರೆಯಲಿ ಎಂದು ಕೇಳಿದೆ.

"ಇಪ್ಪತ್ತಾರು."

ನನಗೆ ಈಗ ನಲವತ್ತು ದಾಟಿದೆ. ಮಾಮ ಎನ್ನುತ್ತ ಬಂದದ್ದರಿಂದಲೋ ಏನೋ, ಅವರನ್ನು ನಾನು ಯಾವಾಗಲೂ ನನಗಿಂತ ದೊಡ್ಡವರೆಂದೇ ತಿಳಿದಿದ್ದೆ.

ಹೆಸರು ಕೇಳಲು ನನಗೆ ಸಂಕೋಚವಾಯಿತು. ನಮ್ಮ ಕಡೆ ಹಿರಿಯ ಹೆಂಗಸರು ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ. ಅತ್ತೆ ನನ್ನ ಮುಖ ನೋಡಿದರು, ಸೆರಗು ಸರಿ ಮಾಡಿಕೊಂಡರು, ತರಗತಿಯಲ್ಲಿ ಹಾಜರಿ ಕರೆದಂತೆ ಸ್ಪಷ್ಟವಾಗಿ ಹೆಸರು ಹೇಳಿದರು. ಬೇಕಾದವರು ಪುಸ್ತಕ ತೆರೆದು ನೋಡಿಕೊಳ್ಳಲಿ. ನಾನು ಟೈಪ್ ಮಾಡಿದೆ. ಕಣ್ಣು ಮಂಜಾಗಿ ಅಕ್ಷರ ಸರಿಯಾಗಿ ಕಾಣಲಿಲ್ಲ.

ಅತ್ತೆ ಕನ್ನಡಕ ಏರಿಸಿ ಪರದೆಯ ಹತ್ತಿರ ಬಂದರು. ಆ ಹೆಸರನ್ನು ಬೆರಳಿನಿಂದ ಮುಟ್ಟಿ, ಒಂದೊಂದೇ ಅಕ್ಷರ ಓದಿದರು.

"ಒತ್ತಕ್ಷರ ತಪ್ಪ್ಯಾದ," ಎಂದರು ಮೆಲ್ಲಗೆ. "ಸರಿಯಾಗಿ ಬರಿ."